ಲೆಕ್ಕದ ಪುಸ್ತಕದ ಬೀಗದಕೈ ಯಾರ ಬಳಿ?

ಮಾರ್ಚ್ ತಿಂಗಳ ಕೊನೆಯ ವಾರ. ಒಂದು ಸಣ್ಣ ಕಚೇರಿ. ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತರು ಎಂದಿನಂತೆ ತಮ್ಮ ಹೆಸರು, ಗುಪ್ತಪದ ಕೊಟ್ಟು ಕಂಪ್ಯೂಟರ್ ತೆರೆಯುತ್ತಾರೆ. ಜಮಾಖರ್ಚಿನ ತಂತ್ರಾಂಶವನ್ನು ಚಾಲೂ ಮಾಡುತ್ತಾರೆ. ಅದು ತೆರೆದುಕೊಳ್ಳುವುದಿಲ್ಲ. ತೆರೆದುಕೊಂಡರೂ ಮೊದಲ ವೋಚರ್ ಬರೆದು ಮುಗಿಸುವ ಹೊತ್ತಿಗೆ, ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಯಜಮಾನರ ಹೆಸರಿನಲ್ಲಿ ತೆರೆದರೆ ಅದೇ ಯಂತ್ರ, ಅದೇ ತಂತ್ರಾಂಶ ಸಲೀಸಾಗಿ ಓಡುತ್ತದೆ. ಕೊನೆಗೆ ಕಂಪ್ಯೂಟರ್ ರಿಪೇರಿಯ ಹುಡುಗನಿಗೆ ಕರೆ ಹೋಗುತ್ತದೆ. ಅವನು ಬಂದು ಎರಡೇ ನಿಮಿಷದಲ್ಲಿ ಗುಮಾಸ್ತರನ್ನೂ 'ಅಡ್ಮಿನಿಸ್ಟ್ರೇಟರ್' ಮಾಡಿ ಹೋಗುತ್ತಾನೆ. ತಂತ್ರಾಂಶ ತೆರೆದುಕೊಳ್ಳುತ್ತದೆ. ಎಲ್ಲರಿಗೂ ಸಮಾಧಾನ.

ಕಚೇರಿ ಕೆಲಸ ಬಲ್ಲವರಿಗೆ ಈ ದೃಶ್ಯ ಹೊಸದೇನಲ್ಲ. ಆದರೆ ಸಮಸ್ಯೆ ನಿಜವಾಗಿ ಬಗೆಹರಿಯಿತೇ? ಕದ ತೆರೆಯಲಿಲ್ಲವೆಂದು ಬೀಗವನ್ನೇ ಕಿತ್ತು ಹಾಕಿದಂತೆ ಆಯಿತು, ಅಷ್ಟೆ. ಆ ಬೀಗ ಅಲ್ಲಿಗೆ ಏಕೆ ಬಂತು, ಬಂದ ಬೀಗ ನ್ಯಾಯವಾಗಿ ಕೆಲಸ ಮಾಡುವವರನ್ನೇ ಏಕೆ ತಡೆಯಿತು ಎಂದು ಯಾರೂ ಕೇಳಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಎರಡು ಇತಿಹಾಸಗಳು ಎದುರಾಗುತ್ತವೆ. ಒಂದು ಲೆಕ್ಕದ ಪುಸ್ತಕದ್ದು, ಶತಮಾನಗಳಷ್ಟು ಹಳೆಯದು. ಇನ್ನೊಂದು ಕಂಪ್ಯೂಟರಿನದು, ಒಂದು ಮನುಷ್ಯಾಯುಷ್ಯದಷ್ಟೇ ಉದ್ದದ್ದು. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಪಾಠ ಕಲಿತವು: ಯಾರಿಗೇ ಆಗಲಿ, ಅವರ ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಇರಬೇಕು, ಅದಕ್ಕಿಂತ ಕಡಿಮೆಯೂ ಕೂಡದು, ಹೆಚ್ಚೂ ಕೂಡದು.

ಮುದ್ರೆಯೊತ್ತಿದ ಪುಸ್ತಕಗಳು

ಲೆಕ್ಕ ಬರೆಯುವ ಕೈಯನ್ನು ಅಂಕೆಯಲ್ಲಿಡುವ ಯೋಚನೆ ನಮ್ಮ ದೇಶಕ್ಕೆ ಹೊಸತಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಅಕ್ಷಪಟಲ' ಎಂಬ ಲೆಕ್ಕದ ಕಚೇರಿಯ ವಿವರ ಬರುತ್ತದೆ. ಕರಣಿಕರಿಗೆ ಬೇರೆ ಬೇರೆ ಆಸನಗಳಿರಬೇಕು, ಪುಸ್ತಕಗಳಿಗೆ ನಿಗದಿಯಾದ ಜಾಗ ಇರಬೇಕು ಎಂಬುದು ಅಲ್ಲಿನ ಕಟ್ಟಳೆ. ವರ್ಷದ ಲೆಕ್ಕವನ್ನು ಆಷಾಢದಲ್ಲಿ ಒಪ್ಪಿಸುವಾಗ ಪುಸ್ತಕಗಳಿಗೆ ಮುದ್ರೆಯಾಗಿರಬೇಕು; ಲೆಕ್ಕ ತಂದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಅವಕಾಶವಿರಬಾರದು. ಸರ್ಕಾರದ ಹಣ ಕಬಳಿಸುವ 40 ಬಗೆಗಳನ್ನು ಪಟ್ಟಿ ಮಾಡಿದ ಗ್ರಂಥಕಾರನಿಗೆ ಮನುಷ್ಯ ಸ್ವಭಾವದ ಬಗ್ಗೆ ಭ್ರಮೆಗಳಿರಲಿಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿಯ ಆಡಳಿತದಲ್ಲೂ ಇದೇ ವಿವೇಕ ಕಾಣುತ್ತದೆ. ಕಂದಾಯ ವಸೂಲಿಯ ಹೊಣೆ ಪಟೇಲರದು, ಲೆಕ್ಕ ಬರೆಯುವ ಹೊಣೆ ಶಾನುಭೋಗರದು. ಹಣ ಮುಟ್ಟುವ ಕೈ ಬೇರೆ, ಲೆಕ್ಕ ಬರೆಯುವ ಕೈ ಬೇರೆ. ಶಾನುಭೋಗರೂ ವರ್ತಕರೂ ಲೆಕ್ಕ ಬರೆಯುತ್ತಿದ್ದ ಕಡತವನ್ನು ಕೆಲವು ಹಿರಿಯರಾದರೂ ನೋಡಿರಬಹುದು. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವೆನಿಸಿದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅಳಿಸಬಹುದಾದ ಬರಹಕ್ಕೆ ಕಾವಲು ಬರಹದಲ್ಲಿ ಇರುವುದಿಲ್ಲ. ಪುಸ್ತಕ ಯಾರ ಮನೆಯಲ್ಲಿದೆ, ಯಾರ ಕೈಯಲ್ಲಿದೆ ಎಂಬುದರಲ್ಲಿ ಇರುತ್ತದೆ. ಈ ವಂಶಪಾರಂಪರ್ಯದ ಹುದ್ದೆಗಳು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ ಕೊನೆಗೊಂಡವು. ಆದರೆ ಕಡತದ ಗುಣವೊಂದು ಇಂದಿಗೂ ನಮ್ಮ ಜೊತೆಗಿದೆ. ಕಂಪ್ಯೂಟರಿನ ಫೈಲು ಕೂಡ ಅಳಿಸಿದ ಗುರುತು ಉಳಿಯದಂತೆ ಅಳಿಸಿ ಬರೆಯಬಹುದಾದ ಕಡತವೇ.

ಇತ್ತ ಯುರೋಪಿನಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗಣಿತ ಗ್ರಂಥದಲ್ಲಿ ಅಲ್ಲಿನ ವರ್ತಕರ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ, ಒಮ್ಮೆ ಜಮೆಯಾಗಿ, ಒಮ್ಮೆ ಖರ್ಚಾಗಿ ಬರೆಯುವ ಪದ್ಧತಿ ಇದು. ಪಚೋಲಿ ಮೂರು ಪುಸ್ತಕಗಳನ್ನು ಹೇಳುತ್ತಾನೆ. ಮೊದಲನೆಯದು ಕಚ್ಚಾ ಪುಸ್ತಕ. ವ್ಯವಹಾರ ನಡೆದಾಗ ಯಜಮಾನ ಇಲ್ಲದಿರಬಹುದು. ಆದ್ದರಿಂದ ಅಂಗಡಿಯ ಆಳುಗಳು, ಮನೆಯ ಹೆಂಗಸರು, ಅಕ್ಷರ ಬಲ್ಲ ಯಾರು ಬೇಕಾದರೂ ಇದರಲ್ಲಿ ಬರೆಯಬಹುದು. ಅಲ್ಲಿಂದ ಮುಂದೆ ರೋಜುಕೀರ್ದಿ, ಖಾತಾವಹಿ. ಅವನ್ನು ಲೆಕ್ಕ ಬಲ್ಲವರು ಮಾತ್ರ ಕ್ರಮವಾಗಿ ಬರೆಯಬೇಕು. ಇಷ್ಟೇ ಅಲ್ಲ. ಪುಸ್ತಕಗಳನ್ನು ಮೊದಲೇ ನಗರದ ವರ್ತಕರ ಅಧಿಕಾರಿಗೆ ತೋರಿಸಿ, ಇದರಲ್ಲಿ ನಾನೇ ಬರೆಯುತ್ತೇನೆ ಅಥವಾ ನನ್ನ ಇಂಥ ಗುಮಾಸ್ತ ಬರೆಯುತ್ತಾನೆ ಎಂದು ದಾಖಲಿಸಿ, ಮುದ್ರೆ ಹಾಕಿಸಿಕೊಳ್ಳುವ ಪದ್ಧತಿ ಕೆಲವು ಕಡೆ ಇತ್ತೆಂದೂ, ಅದು ಮೆಚ್ಚತಕ್ಕದ್ದೆಂದೂ ಅವನು ಹೇಳುತ್ತಾನೆ.

ಯಾವ ಪುಸ್ತಕದಲ್ಲಿ ಯಾರು ಬರೆಯಬಹುದು ಎಂಬ ಪಟ್ಟಿ! ಇಂದು ಕಂಪ್ಯೂಟರಿನಲ್ಲಿ ಪ್ರತಿಯೊಂದು ಫೋಲ್ಡರಿಗೂ ಅಂಟಿಕೊಂಡಿರುವುದು ಇಂಥದೇ ಒಂದು ಪಟ್ಟಿ.

ಯಂತ್ರಕ್ಕೆ ಬೀಗ ಬಂದ ಬಗೆ

ಮೊದಮೊದಲ ಕಂಪ್ಯೂಟರುಗಳಿಗೆ ಒಳಬೀಗದ ಅಗತ್ಯವೇ ಇರಲಿಲ್ಲ. ಒಂದು ಹೊತ್ತಿಗೆ ಒಬ್ಬರ ಕೆಲಸ ಮಾತ್ರ ನಡೆಯುತ್ತಿತ್ತು. ಯಂತ್ರವಿದ್ದ ಕೋಣೆಗೆ ಬೀಗ ಹಾಕಿದರೆ ಸಾಕಾಗಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಟೋ ಮತ್ತು ಸಂಗಡಿಗರು 1961ರಲ್ಲಿ ಒಂದೇ ಯಂತ್ರವನ್ನು ಏಕಕಾಲಕ್ಕೆ ಹಲವರು ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಒಬ್ಬರ ಕಾಗದಪತ್ರ ಇನ್ನೊಬ್ಬರ ಕೈಗೆ ಸಿಗಬಾರದು. ಯಂತ್ರದ ಸಮಯ ಬಹಳ ದುಬಾರಿಯಾದ್ದರಿಂದ ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕವೂ ಬೇಕು. ಹೀಗೆ ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ಗುಪ್ತಪದ ಬಂದವು. ಇಂದು ನಾವು ಕಂಪ್ಯೂಟರಿನಲ್ಲಿ 'ಖಾತೆ ತೆರೆಯುವುದು' ಎನ್ನುತ್ತೇವಲ್ಲ, ಆಗ ಅದು ನಿಜಕ್ಕೂ ಲೆಕ್ಕದ ಖಾತೆಯೇ ಆಗಿತ್ತು.

ಬೀಗ ಬಂದ ಕೂಡಲೇ ಬೀಗ ಮುರಿಯುವವರೂ ಬಂದರು. ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದ ಅಲನ್ ಶೆರ್ ಎಂಬ ವಿದ್ಯಾರ್ಥಿಗೆ ತನ್ನ ಪಾಲಿಗೆ ಬಂದ ವಾರಕ್ಕೆ 4 ಗಂಟೆ ಸಾಲದಾಯಿತು. 1962ರಲ್ಲಿ ಅವನು ಗುಪ್ತಪದಗಳ ಪಟ್ಟಿಯ ಫೈಲನ್ನೇ ಮುದ್ರಿಸಿಕೊಡಬೇಕೆಂದು ರಂಧ್ರಕಾರ್ಡಿನ ಮೂಲಕ ಕೋರಿಕೆ ಸಲ್ಲಿಸಿದ. ಯಂತ್ರ ವಿಧೇಯತೆಯಿಂದ ಮುದ್ರಿಸಿಕೊಟ್ಟಿತು! ಕೋರಿಕೆ ಸಲ್ಲಿಸಿದವರಿಗೆ ಆ ಫೈಲನ್ನು ಓದುವ ಹಕ್ಕಿದೆಯೇ ಎಂದು ಪರಿಶೀಲಿಸುವ ಏರ್ಪಾಡು ಆ ದಾರಿಯಲ್ಲಿ ಇರಲೇ ಇಲ್ಲ. ಮುಂಬಾಗಿಲಿಗೆ ಬೀಗ, ಹಿಂಬಾಗಿಲು ತೆರೆದೇ ಇತ್ತು.

ಬಾಗಿಲಿಗಷ್ಟೇ ಅಲ್ಲ, ಒಳಗಿರುವ ಪ್ರತಿಯೊಂದು ಪೆಟ್ಟಿಗೆಗೂ ಬೀಗ ಬೇಕೆಂಬುದು ಕ್ರಮೇಣ ಮನವರಿಕೆಯಾಯಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆ ಬೆಳೆದಂತೆ ಪ್ರತಿ ಫೈಲಿಗೂ ಮೂರು ವರ್ಗದ ಜನರ ಹಕ್ಕುಗಳು ನಿಗದಿಯಾದವು: ಒಡೆಯ, ಅವನ ಗುಂಪು, ಉಳಿದ ಎಲ್ಲರು. ಪ್ರತಿ ವರ್ಗಕ್ಕೂ ಓದುವ, ಬರೆಯುವ, ಚಲಾಯಿಸುವ ಹಕ್ಕುಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಎಲ್ಲಕ್ಕೂ ಮೇಲೆ, ಯಾವ ತಡೆಯೂ ಇಲ್ಲದ 'ರೂಟ್' ಎಂಬ ಒಬ್ಬ ಮಹಾಬಳಕೆದಾರ.

ಇಲ್ಲಿ ಒಂದು ತೊಡಕಿತ್ತು. ಎಲ್ಲರಿಗೂ ಸೇರಿದ ಒಂದು ದಾಖಲೆ ಇದೆ ಎನ್ನೋಣ. ಜನ ಅದನ್ನು ನೇರವಾಗಿ ತಿದ್ದಬಾರದು, ಆದರೆ ತಮ್ಮ ವ್ಯವಹಾರ ಅದರಲ್ಲಿ ದಾಖಲಾಗಲೇಬೇಕು. ಇದಕ್ಕೇನು ದಾರಿ? ಬ್ಯಾಂಕಿನ ಕೌಂಟರನ್ನು ನೆನೆಸಿಕೊಳ್ಳಿ. ಗಿರಾಕಿ ಖಾತಾವಹಿಯನ್ನು ಮುಟ್ಟುವುದಿಲ್ಲ. ಅವನು ಚಲನ್ ಕೊಡುತ್ತಾನೆ, ಕೌಂಟರಿನ ಆಚೆಗಿರುವ ಗುಮಾಸ್ತರು ನಿಯಮದಂತೆ ನಮೂದಿಸುತ್ತಾರೆ. ರಿಚಿ ಕಂಡುಕೊಂಡ ಉಪಾಯವೂ ಇದೇ ಬಗೆಯದು. ಗೊತ್ತಾದ ಒಂದು ಪ್ರೋಗ್ರಾಮು, ಅದನ್ನು ಯಾರೇ ಚಲಾಯಿಸಿದರೂ, ತನ್ನ ಒಡೆಯನ ಹಕ್ಕಿನಿಂದ ಓಡುತ್ತದೆ. ಅಧಿಕಾರ ದೊರೆಯುವುದು ಮನುಷ್ಯನಿಗಲ್ಲ, ಆ ಒಂದು ಕೆಲಸಕ್ಕೆ. ಇದಕ್ಕಾಗಿ 1973ರಲ್ಲಿ ಸಲ್ಲಿಸಿದ ಅರ್ಜಿಗೆ 1979ರಲ್ಲಿ ಪೇಟೆಂಟ್ ದೊರೆಯಿತು.

ಲೆಕ್ಕಿಗನೂ ಯಂತ್ರಜ್ಞನೂ ಕೈಜೋಡಿಸಿದಾಗ

1975ರಲ್ಲಿ ಎಂ.ಐ.ಟಿ.ಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಪ್ರಕಟಿಸಿದ ಲೇಖನವೊಂದು ಈ ಅನುಭವಗಳನ್ನೆಲ್ಲ ಸೂತ್ರಗಳಾಗಿ ಹೆಣೆಯಿತು. ಅವುಗಳಲ್ಲಿ ಒಂದು 'ಕನಿಷ್ಠ ಅಧಿಕಾರ'ದ ಸೂತ್ರ: ಪ್ರತಿ ಬಳಕೆದಾರನೂ ಪ್ರತಿ ಪ್ರೋಗ್ರಾಮೂ ತನ್ನ ಕೆಲಸಕ್ಕೆ ಅಗತ್ಯವಾದ ಅತ್ಯಲ್ಪ ಹಕ್ಕುಗಳಿಂದ ನಡೆಯಬೇಕು. ಇನ್ನೊಂದು, ಮುಖ್ಯವಾದ ಬೀಗಕ್ಕೆ ಎರಡು ಕೈ ಇರಬೇಕು, ಅವು ಇಬ್ಬರ ಬಳಿ ಇರಬೇಕು ಎಂಬುದು.

ಆದರೂ ಆ ಕಾಲದ ಕಂಪ್ಯೂಟರ್ ಭದ್ರತೆಯ ಚಿಂತನೆಯಲ್ಲಿ ಸೈನ್ಯದ ನೆರಳು ದಟ್ಟವಾಗಿತ್ತು. ಗುಟ್ಟು ಹೊರಬೀಳದಂತೆ ಕಾಯುವುದೇ ಅದರ ಮುಖ್ಯ ಚಿಂತೆ. 1987ರಲ್ಲಿ ಎಂ.ಐ.ಟಿ.ಯ ಡೇವಿಡ್ ಕ್ಲಾರ್ಕ್ ಮತ್ತು ಲೆಕ್ಕಪರಿಶೋಧನೆಯ ಸಂಸ್ಥೆಯೊಂದರಲ್ಲಿದ್ದ ಡೇವಿಡ್ ವಿಲ್ಸನ್ ಸೇರಿ ಮಂಡಿಸಿದ ಪ್ರಬಂಧ ಬೇರೆಯೇ ಮಾತು ಹೇಳಿತು. ವ್ಯಾಪಾರದಲ್ಲಿ ಗುಟ್ಟಿಗಿಂತ ಮುಖ್ಯವಾದದ್ದು ಲೆಕ್ಕದ ಸಾಚಾತನ. ಯಾರೋ ಲೆಕ್ಕ ಓದಿಬಿಟ್ಟಾರು ಎಂಬುದಕ್ಕಿಂತ ಯಾರೋ ತಿದ್ದಿಬಿಟ್ಟಾರು ಎಂಬುದು ದೊಡ್ಡ ಭಯ. ಇದನ್ನು ತಡೆಯಲು ಅವರು ವರ್ತಕರ ಹಳೆಯ ಎರಡು ಉಪಾಯಗಳನ್ನೇ ಕಂಪ್ಯೂಟರಿಗೆ ತಂದರು. ಒಂದು, ಲೆಕ್ಕವನ್ನು ಬೇಕಾದಂತೆ ಅಲ್ಲ, ಗೊತ್ತಾದ ಕ್ರಮದಲ್ಲಿ ಮಾತ್ರ ಬದಲಿಸಬೇಕು. ಇದಕ್ಕೆ ಅವರು ಕೊಟ್ಟ ನಿದರ್ಶನ ಜೋಡಿ ನಮೂದು. ಎರಡು, ಒಂದು ವ್ಯವಹಾರದ ಎಲ್ಲ ಹಂತಗಳೂ ಒಬ್ಬರ ಕೈಯಲ್ಲಿರಬಾರದು. ಪಚೋಲಿಯ ವರ್ತಕರಿಗೂ ನಮ್ಮ ಪಟೇಲ ಶಾನುಭೋಗರಿಗೂ ಗೊತ್ತಿದ್ದ ಮಾತು ಹೀಗೆ ಯಂತ್ರದ ಶಾಸ್ತ್ರವಾಯಿತು.

ಬೀಗವಿಲ್ಲದ ಮನೆಯ ಅಭ್ಯಾಸ

ವಿಚಿತ್ರವೆಂದರೆ, ವಿದ್ವಾಂಸರು ಇಷ್ಟೆಲ್ಲ ಬರೆಯುತ್ತಿದ್ದ ಕಾಲದಲ್ಲೇ ಜನಸಾಮಾನ್ಯರ ಮೇಜಿನ ಮೇಲೆ ಬೀಗವೇ ಇಲ್ಲದ ಯಂತ್ರ ಬಂದು ಕುಳಿತಿತ್ತು. 1981ರಲ್ಲಿ ಮಾರುಕಟ್ಟೆಗೆ ಬಂದ ಐ.ಬಿ.ಎಂ. ಪಿ.ಸಿ.ಯ ಡಾಸ್ ವ್ಯವಸ್ಥೆಗೆ ಬಳಕೆದಾರ ಎಂಬ ಕಲ್ಪನೆಯೇ ಇರಲಿಲ್ಲ. ಕೀಲಿಮಣೆಯ ಮುಂದೆ ಕುಳಿತವರೇ ಒಡೆಯರು. 'ಸ್ವಂತ' ಕಂಪ್ಯೂಟರಿನಲ್ಲಿ ಬೇರೆಯವರಿಗೇನು ಕೆಲಸ ಎಂಬುದು ಅದರ ಹಿಂದಿದ್ದ ಭಾವನೆ. ಆದರೆ ಕಚೇರಿಯ ಕಂಪ್ಯೂಟರ್ ಎಂದೂ ಒಬ್ಬರ ಸ್ವಂತದ್ದಾಗಿರಲಿಲ್ಲ.

ಜಮಾಖರ್ಚಿನ ತಂತ್ರಾಂಶಗಳು ಬೆಳೆದದ್ದು ಈ ಯಂತ್ರದ ಮೇಲೆಯೇ. ನಮ್ಮ ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಪ್ಯೂಟ್ರಾನಿಕ್ಸ್ ಸಂಸ್ಥೆಯಿಂದ ಹೊರಬಂದ 'ಟ್ಯಾಲಿ' ದೇಶದ ಉದ್ದಗಲಕ್ಕೂ ಅಂಗಡಿ, ಮಂಡಿ, ಕಾರ್ಖಾನೆಗಳ ಲೆಕ್ಕದ ಕೋಣೆಗಳನ್ನು ಹೊಕ್ಕಿತು. ಲೆಕ್ಕ ತಾಳೆ ಹಾಕುವ ನಮ್ಮ ಮಾತಿಗೂ ಆ ಹೆಸರು ಸಮೀಪವಾಗಿಯೇ ಕೇಳಿಸುತ್ತದೆ. ಆ ಕಾಲದ ಯಾವ ತಂತ್ರಾಂಶವಾದರೂ ತನ್ನೊಳಗೆ ಗುಪ್ತಪದ ಇಟ್ಟುಕೊಳ್ಳಬಹುದಿತ್ತು. ಆದರೆ ಲೆಕ್ಕದ ಫೈಲುಗಳು ಡಿಸ್ಕಿನ ಮೇಲೆ ಬಯಲಿನಲ್ಲೇ ಬಿದ್ದಿರುತ್ತಿದ್ದವು. ಡಾಸ್‌ನ ಒಂದು ಸಾಲಿನ ಆಜ್ಞೆಯಿಂದ ಯಾರು ಬೇಕಾದರೂ ಅವನ್ನು ನಕಲು ಮಾಡಬಹುದಿತ್ತು, ಅಳಿಸಬಹುದಿತ್ತು. 1995ರ ವಿಂಡೋಸ್ 95 ಹೆಸರು, ಗುಪ್ತಪದ ಕೇಳುತ್ತಿತ್ತು ನಿಜ. ಆದರೆ ರದ್ದು ಗುಂಡಿ ಒತ್ತಿದರೂ ಒಳಗೆ ಬಿಡುತ್ತಿತ್ತು.

ಈ ಬೀಗವಿಲ್ಲದ ಮನೆಯಲ್ಲಿ ಪ್ರೋಗ್ರಾಮು ಬರೆಯುವವರಿಗೆ ಒಂದು ಅಭ್ಯಾಸ ಬೆಳೆಯಿತು. ತಂತ್ರಾಂಶ ಸ್ಥಾಪಿಸಿದ ಫೋಲ್ಡರಿನಲ್ಲೇ ಲೆಕ್ಕದ ಫೈಲು, ಅಲ್ಲೇ ಹೊಂದಿಕೆಗಳ ಫೈಲು, ಅಲ್ಲೇ ತಾತ್ಕಾಲಿಕ ಫೈಲು. ಅಡುಗೆಮನೆ, ಉಗ್ರಾಣ, ಪೆಟ್ಟಿಗೆ ಎಲ್ಲ ಒಂದೇ ಕೋಣೆಯಲ್ಲಿ.

ಅತ್ತ ಡೇವ್ ಕಟ್ಲರ್ ಅವರ ಮುಂದಾಳತ್ವದಲ್ಲಿ ಮೈಕ್ರೋಸಾಫ್ಟ್ 1993ರಲ್ಲಿ ಹೊರತಂದ ವಿಂಡೋಸ್ ಎನ್.ಟಿ. ಬೇರೆ ಮನೆತನದ್ದು. ಪ್ರತಿ ಫೋಲ್ಡರಿಗೂ ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ ಅದರಲ್ಲಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಈ ಎರಡು ಮನೆತನಗಳನ್ನು ಒಂದುಗೂಡಿಸಿತು. ಸಾಮಾನ್ಯ ಬಳಕೆದಾರ ತಂತ್ರಾಂಶಗಳಿರುವ 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿನಲ್ಲಿ ಓದಬಹುದು, ಚಲಾಯಿಸಬಹುದು, ಬರೆಯುವಂತಿಲ್ಲ. ನಿಯಮ ಸರಿಯಾದದ್ದೇ. ಆದರೆ ಹಳೆಯ ಅಭ್ಯಾಸದಿಂದ ಅಲ್ಲಿಯೇ ಲೆಕ್ಕ ಬರೆಯುತ್ತಿದ್ದ ತಂತ್ರಾಂಶಗಳು ಮುಗ್ಗರಿಸಿದವು. ಹಾಗಾದರೆ ಎಲ್ಲರೂ ಏಕೆ ಗೋಳಾಡಲಿಲ್ಲ? ಏಕೆಂದರೆ ಎಕ್ಸ್‌ಪಿ ಸ್ಥಾಪಿಸುವಾಗ ತೆರೆದ ಖಾತೆಗಳೆಲ್ಲ ತಾವಾಗಿಯೇ ಅಡ್ಮಿನಿಸ್ಟ್ರೇಟರ್ ಖಾತೆಗಳಾಗುತ್ತಿದ್ದವು. ಬೀಗ ಇತ್ತು, ಮನೆಮಂದಿಗೆಲ್ಲ ಅದರ ಕೈಯನ್ನೂ ಹಂಚಲಾಗಿತ್ತು. ಪ್ರೋಗ್ರಾಮು ಬರೆದವರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕುಳಿತು ಪರೀಕ್ಷಿಸುತ್ತಿದ್ದುದರಿಂದ ಗುಮಾಸ್ತರ ಕಷ್ಟ ಅವರ ಕಣ್ಣಿಗೆ ಬೀಳಲಿಲ್ಲ. ಅಧಿಕಾರಕ್ಕೆ ಮಿತಿ ಹಾಕಿ ಶಿಸ್ತಿನಿಂದ ನಡೆದ ಕಚೇರಿಗಳೇ ತೊಂದರೆಗೆ ಸಿಕ್ಕಿದವು!

ಒಂದೇ ಕಚೇರಿಗೆ ಎರಡು ಖಾತಾವಹಿ

2006ರ ಕೊನೆಯಲ್ಲಿ ಕಂಪನಿಗಳಿಗೂ 2007ರ ಜನವರಿಯಲ್ಲಿ ಜನಸಾಮಾನ್ಯರಿಗೂ ದೊರೆತ ವಿಂಡೋಸ್ ವಿಸ್ಟಾ ಈ ಅವ್ಯವಸ್ಥೆ ಸರಿಪಡಿಸಲು ಹೊರಟಿತು. ಅಡ್ಮಿನಿಸ್ಟ್ರೇಟರ್ ಆದವರೂ ದಿನನಿತ್ಯ ಸಾಮಾನ್ಯ ಹಕ್ಕಿನಿಂದಲೇ ನಡೆಯಬೇಕು; ದೊಡ್ಡ ಕೆಲಸಕ್ಕೆ ಪ್ರತಿಸಲವೂ ಒಪ್ಪಿಗೆ ಕೊಡಬೇಕು. ಹಳೆಯ ತಂತ್ರಾಂಶಗಳು ನಿಂತುಹೋಗದಿರಲೆಂದು ಅದು ಒಂದು ಜಾಣತನವನ್ನೂ ಮಾಡಿತು. ಅಂಥ ತಂತ್ರಾಂಶ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋದರೆ ಬೇಡವೆನ್ನದೆ, ಆ ಬರಹವನ್ನು ಸದ್ದಿಲ್ಲದೆ ಆ ಬಳಕೆದಾರನ ಸ್ವಂತ ಫೋಲ್ಡರಿನ ಮೂಲೆಯೊಂದಕ್ಕೆ, 'ವರ್ಚುವಲ್ ಸ್ಟೋರ್' ಎಂಬಲ್ಲಿಗೆ, ತಿರುಗಿಸುತ್ತಿತ್ತು. ತಂತ್ರಾಂಶಕ್ಕೆ ಇದು ತಿಳಿಯುವುದಿಲ್ಲ. ಬಳಕೆದಾರನಿಗೂ ತಿಳಿಯುವುದಿಲ್ಲ.

ಆಟದ ಅಂಕ ಉಳಿಸುವ ತಂತ್ರಾಂಶಕ್ಕೆ ಇದರಿಂದ ಬಾಧಕವಿಲ್ಲ. ಲೆಕ್ಕಕ್ಕೆ? ಒಂದೇ ಯಂತ್ರದಲ್ಲಿ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ತಮ್ಮತಮ್ಮ ಹೆಸರಿನಲ್ಲಿ ಕುಳಿತು ಬರೆದರೆ ಇಬ್ಬರಿಗೂ ಬೇರೆ ಬೇರೆ ಖಾತಾವಹಿ! ಬೆಳಿಗ್ಗೆ ಬರೆದ ವೋಚರ್ ಮಧ್ಯಾಹ್ನ ಕಾಣದು. ಯಾರೋ ಬಂದು ಅಡ್ಮಿನಿಸ್ಟ್ರೇಟರ್ ಹಕ್ಕಿನಿಂದ ತಂತ್ರಾಂಶ ತೆರೆದರೆ ತಿಂಗಳುಗಳ ಹಿಂದಿನ ಹಳೆಯ ಲೆಕ್ಕ ಎದುರಾಗುತ್ತದೆ. ಲೆಕ್ಕ ಕಳೆದಿಲ್ಲ, ಇನ್ನೊಬ್ಬರ ಮೂಲೆಯಲ್ಲಿದೆ ಅಷ್ಟೆ. ಆದರೆ ನಮೂದುಗಳು ಮಾಯವಾದಾಗ ಮೊದಲು ಸಂಶಯ ಬೀಳುವುದು ಯಂತ್ರದ ಮೇಲಲ್ಲ, ಬರೆದವರ ಮೇಲೆ.

ರೋಗದ ಮೂಲ ಹುಡುಕುವುದು

ಈ ಹಿನ್ನೆಲೆ ತಿಳಿದರೆ, ಮೊದಲು ಹೇಳಿದ ಕಚೇರಿಯಲ್ಲಿ ಏನು ಮಾಡಬೇಕಿತ್ತು ಎಂಬುದು ತಾನೇ ಸ್ಪಷ್ಟವಾಗುತ್ತದೆ.

ಬೇಡವೆಂದವರು ಯಾರು ಎಂದು ಮೊದಲು ತಿಳಿಯಬೇಕು. ಇಲ್ಲಿ ಇಬ್ಬರು ಕಾವಲುಗಾರರಿದ್ದಾರೆ. ತಂತ್ರಾಂಶ ತೆರೆದುಕೊಂಡು, ವೋಚರ್ ಅಳಿಸುವ ಅಥವಾ ತಿದ್ದುವ ಅವಕಾಶ ಮಾತ್ರ ಸಿಗದಿದ್ದರೆ, ಅದು ತಂತ್ರಾಂಶದ ಒಳಗಿನ ಕಟ್ಟಳೆ. ಯಜಮಾನರು ಯೋಚಿಸಿ ಇಟ್ಟದ್ದೂ ಇರಬಹುದು. ಅದನ್ನು ತಂತ್ರಾಂಶದ ಒಳಗೇ ಬದಲಿಸಬೇಕು, ವಿಂಡೋಸ್‌ನಲ್ಲಿ ಅಲ್ಲ. ತಂತ್ರಾಂಶ ತೆರೆಯುವುದೇ ಇಲ್ಲ, ಬರೆದದ್ದು ಉಳಿಯುವುದಿಲ್ಲ, ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಮಾತ್ರ ಎಲ್ಲ ಸರಿ ಎಂದಾದರೆ, ತಡೆದದ್ದು ಯಂತ್ರದ ಕಾವಲುಗಾರ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೋಡುವುದು ರೋಗಪರೀಕ್ಷೆ. ಅದನ್ನೇ ಔಷಧವೆಂದು ತಿಳಿಯಬಾರದು.

ಮುಂದಿನ ಪ್ರಶ್ನೆ, ಲೆಕ್ಕದ ಫೈಲುಗಳು ಎಲ್ಲಿವೆ? ಅವು ಪ್ರೋಗ್ರಾಂ ಫೈಲ್ಸ್ ಒಳಗಿದ್ದರೆ, ಮೊದಲು ಒಂದು ಪ್ರತಿ ತೆಗೆದಿಟ್ಟು, ಬೇರೆ ಫೋಲ್ಡರಿಗೆ ಸಾಗಿಸಿ, ಹೊಸ ವಿಳಾಸವನ್ನು ತಂತ್ರಾಂಶಕ್ಕೆ ತಿಳಿಸಬೇಕು. ಲೆಕ್ಕ ಬರೆಯುವವರ ಒಂದು ಗುಂಪು ಮಾಡಿ, ಆ ಫೋಲ್ಡರಿನ ಮೇಲೆ ಆ ಗುಂಪಿಗೆ 'ಮಾಡಿಫೈ' ಹಕ್ಕು ಕೊಟ್ಟರೆ ಸಾಕು. 'ಫುಲ್ ಕಂಟ್ರೋಲ್' ಬೇಡ. ಅದರಲ್ಲಿ ಬರೆಯುವ ಹಕ್ಕಿನ ಜೊತೆಗೆ ಹಕ್ಕುಗಳ ಪಟ್ಟಿಯನ್ನೇ ಬದಲಿಸುವ ಹಕ್ಕೂ ಸೇರಿರುತ್ತದೆ. ಗುಂಪಿಗೆ ಹೊಸದಾಗಿ ಸೇರಿದವರು ಒಮ್ಮೆ ಹೊರಗೆ ಹೋಗಿ ಮತ್ತೆ ಹೆಸರು, ಗುಪ್ತಪದ ಕೊಟ್ಟು ಒಳಬರಬೇಕು. ಅಲ್ಲಿಯವರೆಗೆ ಹೊಸ ಹಕ್ಕು ದೊರೆಯುವುದಿಲ್ಲ. ಎಷ್ಟೋ ಸಲ ಎಲ್ಲವನ್ನೂ ಸರಿಯಾಗಿ ಮಾಡಿ, ಈ ಒಂದು ಹೆಜ್ಜೆ ಮರೆತು, ಏನೂ ಆಗಲಿಲ್ಲವೆಂದು ಕೈಬಿಡುವುದುಂಟು.

ಸಣ್ಣ ಸಣ್ಣ ತೊಡಕುಗಳು ಇನ್ನೂ ಇವೆ. ಒಂದೇ ಡಿಸ್ಕಿನೊಳಗೆ ಜಾಗ ಬದಲಿಸಿದ ಫೈಲು ತನ್ನ ಹಳೆಯ ಹಕ್ಕುಗಳನ್ನೇ ಹೊತ್ತು ಬರಬಹುದು. ನಕಲು ಮಾಡಿದ ಫೈಲು ಹೊಸ ಫೋಲ್ಡರಿನ ಹಕ್ಕುಗಳನ್ನು ಪಡೆಯುತ್ತದೆ. ಎಲ್ಲ ಸರಿಯಿದ್ದು ಒಂದು ಫೈಲು ಮಾತ್ರ ಹಟ ಹಿಡಿದರೆ ಕಾರಣ ಇದಿರಬಹುದು. ಲೆಕ್ಕ ಬೇರೊಂದು ಯಂತ್ರದಲ್ಲಿದ್ದು ಜಾಲದ ಮೂಲಕ ತೆರೆಯುವುದಾದರೆ, ಹಂಚಿಕೆಯ ಹಕ್ಕು, ಫೋಲ್ಡರಿನ ಹಕ್ಕು ಎರಡೂ ಒಪ್ಪಬೇಕು; ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಇಷ್ಟಾದರೂ ಮೂಲ ಸಿಗದಿದ್ದರೆ 'ಪ್ರೋಸೆಸ್ ಮಾನಿಟರ್' ಎಂಬ ಉಪಕರಣವಿದೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ರೂಪಿಸಿದ ಇದು, ತಂತ್ರಾಂಶ ಯಾವ ಯಾವ ಫೈಲಿನ, ವಿಂಡೋಸ್ ನೋಂದಣಿಯ ಯಾವ ಯಾವ ನಮೂದಿನ ಬಾಗಿಲು ತಟ್ಟಿತು, ಎಲ್ಲಿ ಪ್ರವೇಶ ನಿರಾಕರಣೆಯಾಯಿತು ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ನಿರಾಕರಿಸಿದ ಆ ಒಂದು ಬಾಗಿಲನ್ನು ಮಾತ್ರ ತೆರೆದರಾಯಿತು. ತಂತ್ರಾಂಶದ ಹೊಸ ಆವೃತ್ತಿ ಹಾಕುವಂಥ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ನ್ಯಾಯವಾಗಿಯೇ ಬೇಕು. ಆ ಹಕ್ಕುಳ್ಳವರು ಬಂದು ಆ ಕೆಲಸ ಮುಗಿಸಿ ಹೋಗಬೇಕು.

ಇದಕ್ಕೆ ಎರಡು ನಿಮಿಷ ಸಾಲದು, ಅರ್ಧ ದಿನ ಹಿಡಿಯಬಹುದು. ಅಷ್ಟು ಶ್ರಮ ಏಕೆ ಎಂದು ಕೇಳುವವರಿಗೆ ಬ್ರಿಟನ್ನಿನ ಒಂದು ಕಥೆ ಉತ್ತರ ಹೇಳುತ್ತದೆ.

ಲೆಕ್ಕಕ್ಕುಂಟು, ಆಟಕ್ಕಿಲ್ಲ

1999ರಿಂದ ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ ಬಂತು. ಫುಜಿತ್ಸು ಕಂಪನಿ ಅದನ್ನು ನಡೆಸುತ್ತಿತ್ತು. ಅಲ್ಲಿನ ಊರೂರಿನ ಸಣ್ಣ ಅಂಚೆ ಶಾಖೆಗಳನ್ನು ನಡೆಸುವವರು ಬಹುಪಾಲು ಅಂಗಡಿ ಇಟ್ಟುಕೊಂಡ ಸಾಮಾನ್ಯ ಜನ. ತಂತ್ರಾಂಶ ತೋರಿಸಿದ ಲೆಕ್ಕಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗದೆ ಸಾವಿರಾರು ಪೌಂಡುಗಳ ಕೊರತೆ ಕಾಣತೊಡಗಿತು. ಹಣ ತುಂಬಿ, ಇಲ್ಲವೇ ಮೊಕದ್ದಮೆ ಎದುರಿಸಿ ಎಂದಿತು ಅಂಚೆ ಸಂಸ್ಥೆ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೆ ಹೋದರು, ಹಲವರು ದಿವಾಳಿಯಾದರು, ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಶಾಖೆಯವರನ್ನು ಬಿಟ್ಟು ಬೇರಾರೂ ಆ ಲೆಕ್ಕವನ್ನು ದೂರದಿಂದ ಬದಲಿಸಲಾರರು ಎಂದು ಸಂಸ್ಥೆ ವರ್ಷಗಟ್ಟಲೆ ಹೇಳಿಕೊಂಡು ಬಂತು. ಅಲನ್ ಬೇಟ್ಸ್ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಈ ಮಾತನ್ನು ಬಯಲಿಗೆಳೆಯಿತು. ತಂತ್ರಾಂಶದಲ್ಲಿ ದೋಷಗಳಿದ್ದವು. ಅಷ್ಟೇ ಅಲ್ಲ, ಮೇಲಿನ ಹಕ್ಕು ಪಡೆದ ಕಂಪನಿಯ ತಂತ್ರಜ್ಞರು ಶಾಖೆಯವರಿಗೆ ತಿಳಿಯದಂತೆಯೇ ಅವರ ಲೆಕ್ಕದಲ್ಲಿ ಕೈಯಾಡಿಸಬಹುದಿತ್ತು. 2024ರಲ್ಲಿ ಬ್ರಿಟಿಷ್ ಸಂಸತ್ತು ವಿಶೇಷ ಕಾಯ್ದೆಯಿಂದ ಇಂಥ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಮಾಡಬೇಕಾಯಿತು. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತೇವೆ. ಈ ಜನರ ಪಾಡು ಅದರ ತಿರುವುಮುರುವು. ಹೊಣೆ ಹೊರುವ ಲೆಕ್ಕಕ್ಕೆ ಅವರು ಉಂಟು, ಅಧಿಕಾರದ ಆಟಕ್ಕೆ ಇಲ್ಲ.

ಹಕ್ಕುಗಳ ಪಟ್ಟಿ ಗುಮಾಸ್ತರ ಮೇಲಿನ ಅಪನಂಬಿಕೆಯ ಗುರುತು ಎಂಬ ಭಾವನೆ ನಮ್ಮಲ್ಲಿದೆ. ನಿಜಕ್ಕೂ ಅದು ಗುಮಾಸ್ತರಿಗೇ ರಕ್ಷಣೆ. ನಾನು ಇಷ್ಟನ್ನೇ ಬರೆಯಬಲ್ಲೆ, ಇದನ್ನು ತಿದ್ದಲು ನನ್ನಿಂದಾಗದು ಎಂದು ಧೈರ್ಯವಾಗಿ ಹೇಳುವ ಅವಕಾಶ ಅದರಿಂದ ಸಿಗುತ್ತದೆ. ನಮ್ಮ ದೇಶದಲ್ಲೂ 2023ರ ಏಪ್ರಿಲ್ 1ರಿಂದ, ತಂತ್ರಾಂಶದಲ್ಲಿ ಲೆಕ್ಕ ಬರೆಯುವ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖಿನೊಡನೆ ತಾನಾಗಿ ದಾಖಲಿಸುವ, ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಅಳಿಸಬಹುದಾದ ಕಡತಕ್ಕೆ ಕೊನೆಗೂ ಅಳಿಸಿದ ಗುರುತು ಉಳಿಯುವ ಏರ್ಪಾಡು ಬಂತು ಎನ್ನಬಹುದು. ಆದರೆ ಕಚೇರಿಯ ನಾಲ್ವರೂ ಒಂದೇ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ಕುಳಿತು ಬರೆದರೆ ಆ ದಾಖಲೆ ಏನು ಹೇಳೀತು? ತಿದ್ದಿದವರು ಅಡ್ಮಿನಿಸ್ಟ್ರೇಟರ್ ಎಂದಷ್ಟೇ ಹೇಳೀತು. ಆಗ ಬೆರಳು ತ್ರಾಣವಿಲ್ಲದವರ ಕಡೆಗೇ ತಿರುಗುತ್ತದೆ.

ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಅನುಮತಿ ಇಲ್ಲವೆಂದು ಯಂತ್ರ ಹೇಳಿದಾಗ ಗುಮಾಸ್ತರು ಬೇಸರಪಟ್ಟುಕೊಳ್ಳಲಿ, ಅದು ಸಹಜ. ಆದರೆ ರಿಪೇರಿಯ ಹುಡುಗನಿಗೆ ಒಂದು ಮಾತು ಹೇಳಲಿ: ತಮ್ಮಾ, ಇಡೀ ಮನೆಯ ಬೀಗದಕೈ ನನಗೆ ಬೇಡ. ನನ್ನ ಲೆಕ್ಕದ ಪೆಟ್ಟಿಗೆಯದು ಕೊಡು, ಸಾಕು.